ಕೊಡಬೇಕಾದ್ದು ಗ್ರಾಮೋ, ರೂಪಾಯಿಯೋ?

ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳುವವರ ಪಕ್ಕದಲ್ಲಿ ಅರ್ಧ ಗಂಟೆ ಕುಳಿತವರಿಗೆ ಮನುಷ್ಯ ಸ್ವಭಾವವನ್ನು ತಿಳಿಯಲು ಬೇರೆ ಪುಸ್ತಕ ಬೇಕಾಗುವುದಿಲ್ಲ. ಈಚೆಗೆ ತ್ಯಾಗರಾಯನಗರದ ಒಂದು ಛತ್ರದಲ್ಲಿ ನಮಗೆ ಆ ಭಾಗ್ಯ ಒದಗಿತ್ತು. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು, ನಿವೃತ್ತಿಯಾಗಿ ಪಿಂಚಣಿಯಲ್ಲಿ ಬದುಕುತ್ತಿರುವವರು, ಬಂದು ನಮ್ಮ ಕಿವಿಯಲ್ಲಿ ಒಂದು ಪ್ರಶ್ನೆ ಹಾಕಿದರು. 2005ರಲ್ಲಿ ಅವರ ಮಗಳ ಮದುವೆಗೆ ಈ ಮನೆಯವರು ಎರಡು ಗ್ರಾಂ ತೂಕದ ಲಕ್ಷ್ಮಿ ನಾಣ್ಯ ಕೊಟ್ಟಿದ್ದರಂತೆ. ಆಗ ಅದರ ಬೆಲೆ ಸಾವಿರದ ನಾನೂರರ ಆಸುಪಾಸು. ಇಂದು ಅದೇ ಎರಡು ಗ್ರಾಂ ತರಬೇಕಾದರೆ ಅವರ ಒಂದು ತಿಂಗಳ ಪಿಂಚಣಿಯೇ ಮುಗಿಯುತ್ತದೆ. "ಏನು ಮಾಡಲಿ, ನೀವೇ ಹೇಳಿ. ನಾಣ್ಯ ತಂದರೆ ಮನೆಯಲ್ಲಿ ಬೈಗಳು, ಎರಡು ಸಾವಿರ ಕವರಿನಲ್ಲಿ ಹಾಕಿದರೆ ಮನಸ್ಸಿಗೆ ಇರುಸುಮುರುಸು" ಎಂದರು.

ಕೊನೆಗೆ ಅವರು ಕವರಿನಲ್ಲಿ ಏನು ಹಾಕಿದರೆಂದು ನಾವು ಕೇಳಲಿಲ್ಲ. ಆದರೆ ಆ ಪ್ರಶ್ನೆ ನಮ್ಮ ಜೊತೆಯಲ್ಲೇ ಬಸ್ಸು ಹತ್ತಿ ಶೋಳಿಂಗನಲ್ಲೂರಿನವರೆಗೂ ಬಂತು. ಅದಕ್ಕೆ ಕಾರಣವಿದೆ. ಅದೇ ಪ್ರಶ್ನೆ, ಇನ್ನೂ ದೊಡ್ಡ ಗಾತ್ರದಲ್ಲಿ, ಹತ್ತು ವರ್ಷದಿಂದ ನಮ್ಮ ಮನೆಯಲ್ಲಿಯೇ ಇತ್ತು. ಅದನ್ನು ಹೇಳುವ ಮುಂಚೆ ಈ ನಾಣ್ಯ ಎಂಬ ವಸ್ತುವಿನ ಬಗ್ಗೆ ನಾಲ್ಕು ಮಾತು ಆಡಬೇಕಾಗಿದೆ.

ಹೊರಗಿನಿಂದ ಬಂದು ಈ ಊರಿನಲ್ಲಿ ನೆಲೆಸಿದ ನಮ್ಮಂಥವರಿಗೆ ಚಿನ್ನದ ನಾಣ್ಯ ಬಹಳ ಅನುಕೂಲದ ಪದಾರ್ಥ. ಒಡವೆ ಕೊಂಡರೆ ಇಲ್ಲಿಯವರು ಹೇಳುವ 'ಸೇಯ್ಕೂಲಿ, ಸೇದಾರಂ' ಎರಡನ್ನೂ ತೆರಬೇಕು. ನಾಣ್ಯಕ್ಕೆ ಅದು ಕಡಿಮೆ. ಊರಿನಲ್ಲಿರುವ ಅತ್ತಿಗೆಗೆ ಯಾವ ಮಾದರಿ ಇಷ್ಟವೆಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಸಣ್ಣ ಪೊಟ್ಟಣದಲ್ಲಿ ಬರುತ್ತದೆ, ರೈಲಿನಲ್ಲಿ ಒಯ್ಯಲು ಸುಲಭ. ಅದರ ಮೇಲೆ ಲಕ್ಷ್ಮಿ, ಗಣಪತಿ, ತಿರುಪತಿಯ ಸ್ವಾಮಿ, ಇಲ್ಲವೇ ಯಾವುದೋ ಕಂಪನಿಯ ಬೆಳ್ಳಿಹಬ್ಬದ ಲಾಂಛನ. 2015ರ ನವೆಂಬರಿನಲ್ಲಿ ಭಾರತ ಸರ್ಕಾರವೇ ಒಂದು ಬದಿಗೆ ಅಶೋಕ ಚಕ್ರ, ಇನ್ನೊಂದು ಬದಿಗೆ ಗಾಂಧೀಜಿಯ ಮುಖವಿರುವ ಐದು ಗ್ರಾಂ ಮತ್ತು ಹತ್ತು ಗ್ರಾಮಿನ ಚಿನ್ನದ ನಾಣ್ಯಗಳನ್ನು ಹೊರತಂದಿತು.

ಆದರೆ ಕೊಳ್ಳುವಾಗಿನ ಸುಲಭ ಮಾರುವಾಗ ಇರುವುದಿಲ್ಲ. ಬ್ಯಾಂಕಿನಲ್ಲಿ ಕೊಂಡ ನಾಣ್ಯವನ್ನು ಅದೇ ಬ್ಯಾಂಕು ಮರಳಿ ಕೊಳ್ಳುವುದಿಲ್ಲವೆಂಬುದನ್ನು ನಮ್ಮಲ್ಲಿ ಅನೇಕರು ಕೌಂಟರಿನ ಮುಂದೆ ನಿಂತೇ ಕಲಿತರು. ಒಂದು ಅಂಗಡಿಯ ನಾಣ್ಯವನ್ನು ಇನ್ನೊಂದು ಅಂಗಡಿಗೆ ಒಯ್ದರೆ ಮೊದಲು ಅನುಮಾನದ ನೋಟ, ಆಮೇಲೆ ಯಂತ್ರದ ಪರೀಕ್ಷೆ, ಆಮೇಲೆ ಕಡಿತ. ಸ್ಮರಣಾರ್ಥ ನಾಣ್ಯವಾದರಂತೂ ಕೊಂಡಾಗ ಕೊಟ್ಟ ಮಖಮಲ್ ಪೆಟ್ಟಿಗೆ, ಸಂಖ್ಯೆಯುಳ್ಳ ಪ್ರಮಾಣಪತ್ರ, ಕಲಾವಿದನ ಕೆತ್ತನೆ ಇವಕ್ಕೆಲ್ಲ ತೆತ್ತ ಹಣ ಸಾಮಾನ್ಯವಾಗಿ ಹೋದಂತೆಯೇ. ಅಂಗಡಿಯವನ ತಕ್ಕಡಿಗೆ ಓದು ಬರುವುದಿಲ್ಲ.

ಚಿನ್ನ ಏರುತ್ತಲೇ ಇರುತ್ತದೆಂಬ ನಂಬಿಕೆಯನ್ನೂ ಸ್ವಲ್ಪ ನೋಡಬೇಕು. 1964ರಲ್ಲಿ ಹತ್ತು ಗ್ರಾಮಿಗೆ ಸುಮಾರು 63 ರೂಪಾಯಿ ಇದ್ದುದು 1980ರಲ್ಲಿ 1,300 ದಾಟಿತು, 2000ದಲ್ಲಿ 4,400ರ ಹತ್ತಿರ, 2010ರಲ್ಲಿ 18,500ರ ಹತ್ತಿರ, 2025ರ ಏಪ್ರಿಲಿನಲ್ಲಿ ಒಂದು ಲಕ್ಷ. ಈ ಸಾಲನ್ನು ಓದಿದವನು ಮನೆ ಮಾರಿ ಚಿನ್ನ ಕೊಳ್ಳಬೇಕೆಂದುಕೊಂಡಾನು. ಆದರೆ 1980ರ ಜನವರಿಯಲ್ಲಿ ಹೊರದೇಶದ ಪೇಟೆಯಲ್ಲಿ ಔನ್ಸಿಗೆ 850 ಡಾಲರ್ ಕೊಟ್ಟು ಕೊಂಡವನು ಆ ಬೆಲೆಯನ್ನು ಮತ್ತೆ ಕಾಣಲು 2008ರವರೆಗೆ ಕಾದ. ನಡುವೆ, 1999ರಲ್ಲಿ, ಅದು 260 ಡಾಲರಿಗೂ ಕೆಳಗೆ ಇಳಿದಿತ್ತು. ನಮ್ಮಲ್ಲಿಯೇ 2012ರ ಕೊನೆಗೆ ಹತ್ತು ಗ್ರಾಮಿಗೆ 31,000 ಇದ್ದುದು 2015ರ ಕೊನೆಗೆ 26,000ಕ್ಕೂ ಇಳಿಯಿತು. 2024ರ ಜುಲೈ 23ರಂದು ದೆಹಲಿಯಲ್ಲಿ ಆಮದು ಸುಂಕವನ್ನು ನೂರಕ್ಕೆ ಹದಿನೈದರಿಂದ ಆರಕ್ಕೆ ಇಳಿಸಿದಾಗ, ಬೀರುವಿನಲ್ಲಿ ಅಲುಗಾಡದೆ ಕುಳಿತಿದ್ದ ನಾಣ್ಯದ ಬೆಲೆ ಅದೇ ದಿನ ಸಾವಿರಗಟ್ಟಲೆ ಇಳಿಯಿತು. ನಾಣ್ಯ ಮಾಡಿದ ತಪ್ಪಾದರೂ ಏನು?

ಹಾಗಾದರೆ ನಾಣ್ಯದ ಬೆಲೆ ಇರುವುದು ಎಲ್ಲಿ? ಲೋಹದಲ್ಲಿಯೋ, ಮುದ್ರೆಯಲ್ಲಿಯೋ? ಇದು ಹಳೆಯ ಪ್ರಶ್ನೆ. ಇದೇ ಊರಿನ ಮಿಂಟ್ ಸ್ಟ್ರೀಟನ್ನು ತಮಿಳಿನಲ್ಲಿ 'ತಂಗಸಾಲೈ' ಎನ್ನುತ್ತಾರೆ. ಕನ್ನಡದ ಕಿವಿಗೆ ಅದು 'ಟಂಕಸಾಲೆ' ಎಂದೇ ಕೇಳಿಸುತ್ತದೆ. ಕುಂಪಣಿಯವರು ಮದರಾಸಿನಲ್ಲಿ ಅಚ್ಚು ಹಾಕಿದ್ದು ತಮ್ಮ ರಾಜನ ಮುಖವನ್ನಲ್ಲ, ಇಲ್ಲಿಯ ಜನ ನಂಬುತ್ತಿದ್ದ ಸ್ವಾಮಿಯ ವರಾಹವನ್ನು. ನಮ್ಮ ಕಡೆ ಹೈದರಾಲಿ 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಅಚ್ಚು ಹಾಕಿಸಿದ ವರಾಹದ ಒಂದು ಬದಿಗೆ ಇಕ್ಕೇರಿಯವರ ಶಿವ ಪಾರ್ವತಿಯರು ಹಾಗೆಯೇ ಉಳಿದರು, ಇನ್ನೊಂದು ಬದಿಗೆ ತನ್ನ ಹೆಸರಿನ ಮೊದಲ ಅಕ್ಷರ ಮಾತ್ರ. ಲೋಹವೊಂದೇ ಸಾಕಾಗಿದ್ದರೆ ಇಷ್ಟು ನಾಜೂಕು ಏಕೆ ಬೇಕಿತ್ತು? ಸಂತೆಗೆ ಬಂದ ರೈತ ನಂಬಿದ್ದು ಚಿನ್ನವನ್ನು ಮಾತ್ರವಲ್ಲ, ತಾತನ ಕಾಲದಿಂದ ಕಂಡ ಆ ಮುದ್ರೆಯನ್ನೂ.

ಜಪಾನಿನ ಒಂದು ಸಂಗತಿಯನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಚಕ್ರವರ್ತಿ ಹಿರೋಹಿತೋ ಆಳ್ವಿಕೆಗೆ ಅರವತ್ತು ವರ್ಷವಾದ ನೆನಪಿಗೆ 1986ರಲ್ಲಿ ಅಲ್ಲಿಯ ಸರ್ಕಾರ ಒಂದು ಲಕ್ಷ ಯೆನ್ ಮುಖಬೆಲೆಯ ಚಿನ್ನದ ನಾಣ್ಯ ಹೊರಡಿಸಿತು. ಅದರಲ್ಲಿದ್ದ ಚಿನ್ನ ಇಪ್ಪತ್ತು ಗ್ರಾಂ, ಆಗಿನ ಪೇಟೆ ಬೆಲೆಯಲ್ಲಿ ಲಕ್ಷದ ಅರ್ಧವೂ ಆಗುತ್ತಿರಲಿಲ್ಲ. ಖದೀಮರು ಇದನ್ನು ಗಮನಿಸದೆ ಇರುತ್ತಾರೆಯೇ? 1990ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನಾಣ್ಯಗಳು ನಕಲಿಯೆಂಬ ಅನುಮಾನಕ್ಕೆ ಸಿಕ್ಕಿಬಿದ್ದವು. ಸೋಜಿಗವೆಂದರೆ ಅವುಗಳಲ್ಲಿದ್ದುದೂ ಅಪ್ಪಟ ಚಿನ್ನವೇ! ಚಿನ್ನ ನಿಜ, ನಾಣ್ಯ ಸುಳ್ಳು. ಕಾಲ ಸುಮ್ಮನಿರಲಿಲ್ಲ. 2023ರಲ್ಲಿ ಜಪಾನಿನಲ್ಲಿ ಚಿನ್ನ ಗ್ರಾಮಿಗೆ ಹತ್ತು ಸಾವಿರ ಯೆನ್ ದಾಟಿತು. ಅಂದರೆ ಆ ನಾಣ್ಯದೊಳಗಿನ ಲೋಹವೇ ಎರಡು ಲಕ್ಷ. ಮೊದಲು ಮುದ್ರೆ ಲೋಹಕ್ಕಿಂತ ದೊಡ್ಡದಾಗಿತ್ತು, ಈಗ ಲೋಹ ಮುದ್ರೆಯನ್ನು ನುಂಗಿತು.

ಲೋಹ, ಮುದ್ರೆ ಎರಡಕ್ಕೂ ಸೇರದ ಮೂರನೆಯದೊಂದು ಇದೆ. ನಮ್ಮ ಸ್ವಂತ ಕಥೆ ಆರಂಭವಾಗುವುದು ಅಲ್ಲಿ.

ನಾವು ಶೋಳಿಂಗನಲ್ಲೂರಿಗೆ ಬಂದಾಗ ಅದು ಇನ್ನೂ ಚೆನ್ನೈ ಮಹಾನಗರಪಾಲಿಕೆಗೆ ಸೇರಿರಲಿಲ್ಲ. 2011ರಲ್ಲಿ ಸೇರಿತು. ಹಳೆಯ ಮಹಾಬಲಿಪುರಂ ರಸ್ತೆಯ ಉದ್ದಕ್ಕೂ ಗಾಜಿನ ಕಟ್ಟಡಗಳು ಎದ್ದವು. ಒಂದು ಕಡೆ ಬಕಿಂಗ್‌ಹ್ಯಾಮ್ ಕಾಲುವೆ, ಇನ್ನೊಂದು ಕಡೆ ಪಳ್ಳಿಕರಣೈ ಜೌಗು ಭೂಮಿ, ಇವೆರಡರ ನಡುವಿನ ತಗ್ಗಿನಲ್ಲಿ ನಮ್ಮ ವಸತಿ. ಮೇಲಿನ ಮಹಡಿಯಲ್ಲಿ ಮಲೆನಾಡಿನ ಕಡೆಯ ದಂಪತಿಗಳು. ವಯಸ್ಸಿನಲ್ಲಿ ಹಿರಿಯರು, ನಾವು ಅಕ್ಕ, ಭಾವ ಎಂದೇ ಕರೆಯುತ್ತಿದ್ದೆವು. ಭಾವ ಎಪ್ಪತ್ತರ ದಶಕದಲ್ಲಿ ಮದರಾಸಿಗೆ ಬಂದು ಒಂದೇ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು.

2015ರ ಡಿಸೆಂಬರ್ ಒಂದು, ಎರಡನೆಯ ತಾರೀಖಿನ ಮಳೆಯನ್ನು ಈ ಪತ್ರಿಕೆಯ ಓದುಗರಿಗೆ ವರ್ಣಿಸುವ ಅಗತ್ಯವಿಲ್ಲ. ವಿದ್ಯುತ್ತಿಲ್ಲ, ಫೋನಿಲ್ಲ, ಎ.ಟಿ.ಎಂ.ಗಳಲ್ಲಿ ಹಣವಿಲ್ಲ. ಆ ವಾರವೇ ನಮ್ಮ ತಂದೆಯವರನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂತು. ಕಾರ್ಡಿನ ಯಂತ್ರ ಕೆಲಸ ಮಾಡುತ್ತಿರಲಿಲ್ಲ, ನಗದು ಬೇಕು. ಅಕ್ಕ ಮೇಲಿನಿಂದ ಇಳಿದು ಬಂದು ಒಂದು ಕರ್ಚೀಫಿನ ಗಂಟನ್ನು ನಮ್ಮ ಕೈಗಿಟ್ಟರು. ಒಳಗೆ ಎರಡು ನಾಣ್ಯ, ತಲಾ ಹತ್ತು ಗ್ರಾಂ. ಒಂದು ಅಂಗಡಿಯಲ್ಲಿ ಕೊಂಡ ಲಕ್ಷ್ಮಿ. ಇನ್ನೊಂದು, ಭಾವನವರ ಇಪ್ಪತ್ತೈದು ವರ್ಷದ ಸೇವೆಯ ನೆನಪಿಗೆ ಕಾರ್ಖಾನೆಯವರು ಕೊಟ್ಟದ್ದು. ಒಂದು ಬದಿಗೆ ಕಾರ್ಖಾನೆಯ ಗುರುತು, ಇನ್ನೊಂದು ಬದಿಗೆ ಭಾವನವರ ಹೆಸರು, ಅಂಚಿನಲ್ಲಿ ತಾರೀಖು. ನಾವು ಹಿಂದೆಗೆದೆವು. ಭಾವ ಮೆಟ್ಟಿಲ ಮೇಲೆಯೇ ನಿಂತು, "ತೊಗೊಳ್ಳಿ ಮಾರಾಯ್ರೆ, ಅದು ಪೆಟ್ಟಿಗೇಲಿ ಕೂತು ಏನು ಮಾಡ್ತದೆ?" ಎಂದರು.

ಅಡವಿಡಬೇಕಿತ್ತು. ಆದರೆ ಬ್ಯಾಂಕುಗಳು ಮುಚ್ಚಿದ್ದವು, ನಮಗೆ ತಾಳ್ಮೆಯೂ ಇರಲಿಲ್ಲ. ತಿರುವಾನ್ಮಿಯೂರಿನ ಕಡೆ ಬಾಗಿಲು ತೆರೆದಿದ್ದ ಒಂದು ಅಂಗಡಿಯಲ್ಲಿ ಎರಡನ್ನೂ ಮಾರಿದೆವು. ಅಂಗಡಿಯವನು ತೂಗಿದ, ಪರೀಕ್ಷಿಸಿದ, ಕಡಿತ ಕಳೆದು ನಲವತ್ತೊಂಬತ್ತು ಸಾವಿರ ಎಣಿಸಿಕೊಟ್ಟ. ತಂದೆಯವರು ಚೇತರಿಸಿಕೊಂಡು ಇನ್ನೂ ನಾಲ್ಕು ವರ್ಷ ನಮ್ಮೊಡನಿದ್ದರು. ಆ ನಾಲ್ಕು ವರ್ಷಕ್ಕೆ ಯಾವ ಪೇಟೆ ಬೆಲೆ?

ಇಲ್ಲಿಯವರೆಗೆ ನಮ್ಮ ತಪ್ಪು ದೊಡ್ಡದಲ್ಲ. ಇಲ್ಲಿಂದ ಮುಂದಿನದು ದೊಡ್ಡದು. ಜನವರಿಯಲ್ಲೇ ನಾಣ್ಯ ಕೊಂಡು ಕೊಟ್ಟುಬಿಡಬಹುದಾಗಿತ್ತು. ಆದರೆ ಚಿನ್ನ ಮೂರು ವರ್ಷದಿಂದ ಇಳಿಯುತ್ತ ಬಂದಿತ್ತಲ್ಲ, ಇನ್ನೂ ಸ್ವಲ್ಪ ಇಳಿಯಲಿ ಎಂದುಕೊಂಡೆವು. ಅದು ಏರಿತು. ಏರಿದ್ದು ಇಳಿಯಲೇಬೇಕು, ಆಗ ಕೊಳ್ಳೋಣ ಎಂದೆವು. ನವೆಂಬರಿನಲ್ಲಿ ನೋಟು ರದ್ದಾಯಿತು, ಅದೊಂದು ನೆಪ. ಹೀಗೆ ಪ್ರತಿ ವರ್ಷಕ್ಕೂ ಒಂದು ನೆಪ ತಾನಾಗಿಯೇ ಒದಗಿಬರುತ್ತಿತ್ತು. ಅಕ್ಕ ಒಂದು ದಿನವೂ ಕೇಳಲಿಲ್ಲ. ಕೇಳದಿರುವುದನ್ನು ಅವಸರವಿಲ್ಲವೆಂದು ಅರ್ಥ ಮಾಡಿಕೊಳ್ಳುವುದು ಸಾಲಗಾರನಿಗೆ ಬಹಳ ಸುಲಭ. ಕೋವಿಡ್ಡಿನ ಎರಡನೆಯ ಅಲೆಯಲ್ಲಿ, 2021ರಲ್ಲಿ, ಭಾವ ತೀರಿಕೊಂಡರು.

ಇನ್ನೂ ಒಂದನ್ನು ಒಪ್ಪಿಕೊಳ್ಳಬೇಕು. ಇದೇ ಅವಧಿಯಲ್ಲಿ, 2016ರಲ್ಲಿ, ಮಗಳ ಹೆಸರಿನಲ್ಲಿ ಸರ್ಕಾರದ ಚಿನ್ನದ ಬಾಂಡನ್ನು ಕೊಂಡಿದ್ದೆವು, ಲೆಕ್ಕ ಹಾಕಿದಂತೆ ಇಪ್ಪತ್ತು ಗ್ರಾಂ! ಆ ಬಾಂಡುಗಳ ಕಥೆ ಓದುಗರಿಗೆ ತಿಳಿದದ್ದೇ. 2015ರ ನವೆಂಬರಿನಲ್ಲಿ ಗ್ರಾಮಿಗೆ 2,684 ರೂಪಾಯಿಗೆ ಮಾರಿದ ಮೊದಲ ಕಂತನ್ನು 2023ರಲ್ಲಿ 6,132 ರೂಪಾಯಿ ಕೊಟ್ಟು ತೀರಿಸಿದರು, ಮೇಲೆ ಬಡ್ಡಿ ಬೇರೆ. ನಮ್ಮ ಕಂತೂ ಎಂಟು ವರ್ಷಕ್ಕೆ ಎರಡು ಪಟ್ಟು ಮೀರಿ ಕೈಗೆ ಬಂತು. ಆ ಸಂಜೆ ಮನೆಯಲ್ಲಿ ಸಿಹಿ ಮಾಡಿದೆವು, ಮೇಲಿನ ಮಹಡಿಗೂ ಒಂದು ಬಟ್ಟಲು ಕಳಿಸಿದೆವು. ಬಟ್ಟಲು ತೊಳೆದು ಹಿಂದಕ್ಕೆ ಬಂದಾಗ ಅದರಲ್ಲಿ ಅಕ್ಕ ಎರಡು ನಿಂಬೆಹಣ್ಣು ಇಟ್ಟಿದ್ದರು. ಬರಿ ಬಟ್ಟಲು ಹಿಂದಿರುಗಿಸಬಾರದೆಂಬ ಪದ್ಧತಿ. ಆ ನಿಂಬೆಹಣ್ಣುಗಳನ್ನು ನೋಡಿದಾಗ ಮೊದಲ ಬಾರಿಗೆ ನಮಗೆ ನಾಚಿಕೆಯಾಯಿತು.

ಲೆಕ್ಕಕ್ಕೆ ಕೂತೆವು. ನಲವತ್ತೊಂಬತ್ತು ಸಾವಿರ ಪಡೆದೆವು, ಬ್ಯಾಂಕಿನ ಬಡ್ಡಿ ಸೇರಿಸಿ ಒಂದು ಲಕ್ಷ ಕೊಡೋಣ, ಧಾರಾಳವೇ ಆಯಿತು ಎಂದು ಒಂದು ಮನಸ್ಸು. ಇಪ್ಪತ್ತು ಗ್ರಾಂ ಪಡೆದೆವು, ಇಪ್ಪತ್ತು ಗ್ರಾಂ ಕೊಡಬೇಕೆಂದು ಇನ್ನೊಂದು. 2025ರ ದೀಪಾವಳಿಯ ಹೊತ್ತಿಗೆ ಗ್ರಾಮಿಗೆ ಹನ್ನೆರಡು ಸಾವಿರ ದಾಟಿತ್ತು. ಎರಡು ಮನಸ್ಸುಗಳ ನಡುವಿನ ಅಂತರ ಒಂದೂವರೆ ಲಕ್ಷ.

ಇಂಥ ಇಕ್ಕಟ್ಟಿನಲ್ಲಿ ಮನುಷ್ಯ ಶಾಸ್ತ್ರ ಹುಡುಕುತ್ತಾನೆ, ತನಗೆ ಬೇಕಾದುದನ್ನು ಹೇಳುವ ಶಾಸ್ತ್ರವನ್ನು. ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ಟೀಕೆ ಬರೆದ. ಸಾಲದ ವೃದ್ಧಿಗೆ ಆ ಸ್ಮೃತಿ ಮಿತಿ ಹಾಕಿದೆ. ಬಟ್ಟೆಗೆ ನಾಲ್ಕು ಪಟ್ಟು, ಧಾನ್ಯಕ್ಕೆ ಮೂರು ಪಟ್ಟು, ಚಿನ್ನಕ್ಕೆ ಎರಡು ಪಟ್ಟು. ಆಹಾ, ಎರಡು ಪಟ್ಟು! ನಲವತ್ತೊಂಬತ್ತು ಸಾವಿರದ ಎರಡು ಪಟ್ಟೆಂದರೆ ನಮ್ಮ ಒಂದು ಲಕ್ಷಕ್ಕೆ ಸರಿಹೋಯಿತಲ್ಲ! ಆದರೆ ಅಷ್ಟರಲ್ಲೇ ತಪ್ಪು ಕಂಡಿತು. ಸ್ಮೃತಿ ಹೇಳುವುದು ಚಿನ್ನದ ಎರಡು ಪಟ್ಟು ಚಿನ್ನವನ್ನು. ಹಾಗೆ ಹಿಡಿದರೆ ಅಕ್ಕನಿಗೆ ನಲವತ್ತು ಗ್ರಾಂ ಕೇಳುವ ಹಕ್ಕೂ ಬಂದೀತು. ಪುಸ್ತಕ ಮುಚ್ಚಿಟ್ಟೆವು.

ಅಮೆರಿಕದವರು ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿದರು. 1933ರಲ್ಲಿ ರೂಸ್‌ವೆಲ್ಟ್ ಜನರ ಕೈಯಲ್ಲಿದ್ದ ಚಿನ್ನದ ನಾಣ್ಯಗಳನ್ನು ಒಪ್ಪಿಸಬೇಕೆಂದು ಆಜ್ಞೆ ಹೊರಡಿಸಿ, ಮರುವರ್ಷ ಔನ್ಸಿನ ಬೆಲೆಯನ್ನು 20.67 ಡಾಲರಿನಿಂದ 35ಕ್ಕೆ ಏರಿಸಿದರು. ಸಾಲವನ್ನು ಚಿನ್ನದ ಮೌಲ್ಯದಲ್ಲಿಯೇ ತೀರಿಸುವೆವೆಂದು ಬರೆದುಕೊಟ್ಟ ಪತ್ರಗಳು ಏನಾಗಬೇಕು? 1935ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಐವರು ನಾಲ್ವರ ಬಹುಮತದಿಂದ ಕಾಗದದ ಡಾಲರೇ ಸಾಕೆಂದಿತು. ಇಡೀ ದೇಶ ದಿವಾಳಿಯಾಗುವುದನ್ನು ತಪ್ಪಿಸಲು ಅದು ಬೇಕಿತ್ತೆಂದು ವಾದಿಸುವವರಿದ್ದಾರೆ. ಇರಬಹುದು. ನಾವು ದಿವಾಳಿಯಾಗಿರಲಿಲ್ಲ, ನಮ್ಮಲ್ಲಿ ಬಾಂಡಿನ ಹಣವಿತ್ತು.

ಕೊನೆಗೆ ನಮಗೆ ದಾರಿ ತೋರಿಸಿದ್ದು ಒಂದು ಸಣ್ಣ ಪ್ರಶ್ನೆ. ಚಿನ್ನ ಅರ್ಧಕ್ಕೆ ಇಳಿದಿದ್ದರೆ ನಾವು ಏನು ಮಾಡುತ್ತಿದ್ದೆವು? ಉತ್ತರಕ್ಕೆ ಕ್ಷಣವೂ ಬೇಕಾಗಲಿಲ್ಲ. ಎರಡು ನಾಣ್ಯ ಕೊಂಡು, "ಅಕ್ಕಾ, ನಿಮ್ಮದು ನಿಮಗೆ" ಎಂದು ಎದೆಯುಬ್ಬಿಸಿ ಕೊಟ್ಟು ಬರುತ್ತಿದ್ದೆವು. ಇಳಿದಾಗ ಗ್ರಾಮಿನಲ್ಲಿ, ಏರಿದಾಗ ರೂಪಾಯಿಯಲ್ಲಿ ಅಳೆಯುವವನ ಕೈಯಲ್ಲಿರುವುದು ತಕ್ಕಡಿಯಲ್ಲ. ರೂಪಾಯಿಯ ಅಳತೆ ತಪ್ಪೆಂದು ನಾವು ಹೇಳುವುದಿಲ್ಲ, ಗ್ರಾಮಿನದೇ ಸರಿಯೆಂದೂ ಅಲ್ಲ. ಬೆಲೆ ನೋಡಿದ ಮೇಲೆ ಅಳತೆ ಆರಿಸಿಕೊಳ್ಳುವುದಿದೆಯಲ್ಲ, ಅನ್ಯಾಯ ಅಲ್ಲಿದೆ. ಮೇಲಾಗಿ, ಇಳಿಯಲಿ ಎಂದು ಹತ್ತು ವರ್ಷ ಕಾದದ್ದು ಯಾರ ಚಿನ್ನದ ಮೇಲೆ? ಅಕ್ಕನ ಚಿನ್ನದ ಮೇಲೆ ನಾವು ಜೂಜಾಡಿದ್ದೆವು. ಸೋತ ಮೇಲೆ ಸೋಲನ್ನು ಅವರ ತಲೆಗೆ ಕಟ್ಟಲು ಹೊರಟಿದ್ದೆವು.

ಛತ್ರದ ಆ ಹಿರಿಯರ ವಿಷಯ ಬೇರೆಯೆಂದು ನಮ್ಮ ತಿಳಿವಳಿಕೆ. ಮುಯ್ಯಿ ಸಾಲವಲ್ಲ. ಯಾರೂ ಅದನ್ನು ಕಷ್ಟಕ್ಕೆ ಕೇಳಿ ಪಡೆದದ್ದಲ್ಲ. ಕೊಟ್ಟವರು ಬಳಗ ಉಳಿಯಲೆಂದು ಕೊಟ್ಟರು, ಬಳಗದ ಮನುಷ್ಯ ಬಂದು ಊಟ ಮಾಡಿ ಮಗುವಿಗೆ ಅಕ್ಷತೆ ಹಾಕಿದರೆ ಅರ್ಧ ಮುಯ್ಯಿ ಅಲ್ಲಿಯೇ ತೀರಿತು. ಮುಯ್ಯಿ ಪುಸ್ತಕದಲ್ಲಿ ಗ್ರಾಂ ಬರೆದಿಡುವ ಹೊಸ ಪದ್ಧತಿಯೇ ಕೆಟ್ಟದ್ದು. ಪಿಂಚಣಿದಾರನೊಬ್ಬ ನಾಣ್ಯ ತರಲಾರದೆ ಮದುವೆಗೇ ಬರದೆ ಉಳಿದರೆ ಆ ಪುಸ್ತಕಕ್ಕೆ ಏನು ಅರ್ಥ? ಅವರು ಇನ್ನೊಮ್ಮೆ ಕೇಳಿದರೆ, ಕವರಿನಲ್ಲಿ ಕೈಲಾದದ್ದು ಹಾಕಿ ನಿಶ್ಚಿಂತೆಯಿಂದ ಪಂಕ್ತಿಗೆ ಕೂಡಿ ಎಂದು ಹೇಳುವವರಿದ್ದೇವೆ.

ನಾವು ಪಾಂಡಿ ಬಜಾರಿನ ಕಡೆ ಹೋಗಿ ಹತ್ತು ಹತ್ತು ಗ್ರಾಮಿನ ಎರಡು ನಾಣ್ಯ ತಂದೆವು. ಬಾಂಡಿನಿಂದ ಬಂದ ಹಣ ಹೋಗಿ ಮೇಲೆ ಒಂದಿಷ್ಟು ಕೈಯಿಂದಲೂ ಬಿತ್ತು. ಅಂಗಡಿಯವರು ಎರಡಕ್ಕೂ ಲಕ್ಷ್ಮಿಯ ಚಿತ್ರವಿದೆ ಎಂದರು. ನಾವು ಒಂದನ್ನು ಚಿತ್ರವಿಲ್ಲದ್ದು ಕೇಳಿ ಪಡೆದೆವು. ಏಕೆಂದು ಆಗ ನಮಗೂ ಸ್ಪಷ್ಟವಿರಲಿಲ್ಲ.

ಅಕ್ಕ ಮೊದಲು, "ಇದೆಲ್ಲ ಯಾಕೆ ಮಾಡ್ಲಿಕ್ಕೆ ಹೋದ್ರಿ, ಆವತ್ತಿನ ದುಡ್ಡು ಕೊಟ್ಟಿದ್ರೆ ಸಾಕಿತ್ತು" ಎಂದರು. ಆಮೇಲೆ ಲಕ್ಷ್ಮಿಯನ್ನು ಕಣ್ಣಿಗೊತ್ತಿಕೊಂಡು ದೇವರ ಮುಂದಿಟ್ಟರು. ಆ ಸಾಲ ಅಲ್ಲಿಗೆ ತೀರಿತು, ಅದರಲ್ಲಿ ನಮಗೆ ಸಂಶಯವಿಲ್ಲ. ಇನ್ನೊಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಎರಡೂ ಬದಿ ತಿರುಗಿಸಿ ನೋಡಿದರು. ತೂಕ, ಶುದ್ಧತೆಯ ಅಂಕಿ ಬಿಟ್ಟರೆ ಅದರ ಮೇಲೆ ಏನೂ ಇರಲಿಲ್ಲ. ಬೇಕಾದರೆ ಭಾವನವರ ಹೆಸರನ್ನು ಕೆತ್ತಿಸಿ ತರುತ್ತೇವೆಂದೆವು.

"ಹೆಸರು ಸರಿ. ಅಂಚಿನಲ್ಲಿ ಒಂದು ತಾರೀಖಿತ್ತಲ್ಲ, ಅದು ಯಾವುದು? ನನಗೆ ಮರೆತೇ ಹೋಗಿದೆ. ಕೊನೆಗೆ ಕೈಯಲ್ಲಿ ಹಿಡಿದವರು ನೀವು, ನೋಡಿರಬೇಕಲ್ಲ" ಎಂದು ಅಕ್ಕ ಕೇಳಿದರು.

ಮನೆಗೆ ಬಂದು ಆ ದಿನದ ಅಂಗಡಿಯ ಚೀಟಿ ಹುಡುಕಿದೆವು, ಸಿಕ್ಕಿತು. ಎರಡು ನಾಣ್ಯ, 20 ಗ್ರಾಂ, ಕಡಿತ ಇಷ್ಟು, ಕೊಟ್ಟದ್ದು ಇಷ್ಟು ಎಂದು ಅದರಲ್ಲಿ ಬರೆದಿತ್ತು.